ಒಂದೇ ಕ್ಲಾಸಲ್ಲಿ ಹತ್ತು ಥರ ಕಲಿಯೋ ಮಕ್ಕಳಿದ್ರೆ ಪಾಠ ಹೇಗೆ ಮಾಡೋದು

ಈ ವಿಷಯ ಬಂದಾಗೆಲ್ಲ ಟೀಚರ್‌ಗಳು ಮೊದಲು ಕೇಳೋದು ಒಂದೇ ಪ್ರಶ್ನೆ, 40 ಮಕ್ಕಳಿರೋ ಕ್ಲಾಸಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಠ ರೆಡಿ ಮಾಡೋಕೆ ಟೈಮ್ ಎಲ್ಲಿದೆ ಅಂತ. ನ್ಯಾಯವಾದ ಪ್ರಶ್ನೆನೇ. ಹಾಗೆ 40 ಪಾಠ ಮಾಡಿ ಅಂತ ಯಾರಾದ್ರೂ ಹೇಳಿದ್ರೂ ಮಾಡೋಕೆ ಹೋಗ್ಬೇಡಿ, ಎರಡೇ ವಾರಕ್ಕೆ ಸುಸ್ತಾಗಿ ಎಲ್ಲಾ ಕೈಬಿಡ್ತೀರ. ಪಾಠ ಒಂದೇ ಇರ್ಲಿ, ಗುರಿನೂ ಒಂದೇ ಇರ್ಲಿ, ಆ ಗುರಿ ಮುಟ್ಟೋಕೆ ಎರಡೋ ಮೂರೋ ದಾರಿ ಇರ್ಲಿ, ಅಷ್ಟು ಸಾಕು.

ಅದಕ್ಕೆ ಮೊದಲು ಮಾಡ್ಬೇಕಾಗಿರೋದು ಗುರಿನೂ ದಾರಿನೂ ಬೇರೆ ಮಾಡಿ ನೋಡೋದು. ಪ್ರತಿ ಪಾಠಕ್ಕೂ ಮುಂಚೆ ಒಂದೇ ಒಂದು ವಾಕ್ಯ ಬರ್ಕೊಳ್ಳಿ, ಇವತ್ತಿನ ಪಿರಿಯಡ್ ಮುಗಿಯೋಷ್ಟರಲ್ಲಿ ಮಗುಗೆ ಏನು ಗೊತ್ತಾಗ್ಬೇಕು ಅಂತ. ಉದಾಹರಣೆಗೆ 'ನೀರು ಆವಿಯಾಗಿ ಮೋಡ ಆಗಿ ಮಳೆ ಬರೋದು ಹೇಗೆ ಅಂತ ವಿವರಿಸಬೇಕು' ಅಂತ ಇಟ್ಕೊಳ್ಳಿ. ಇದರಲ್ಲಿ 'ಒಂದು ಪುಟ ಬರೀಬೇಕು' ಅಂತ ಎಲ್ಲೂ ಇಲ್ಲ, ಬರೆಯೋದು ನಾವು ಅಭ್ಯಾಸಬಲದಿಂದ ಸೇರಿಸಿರೋ ದಾರಿ. ಕೈಬರಹ ತುಂಬಾ ಕಷ್ಟ ಆಗೋ ಮಗು ಅದನ್ನೇ ಚಿತ್ರ ಬರೆದು ಬಾಣ ಹಾಕಿ ಬಾಯಲ್ಲಿ ಹೇಳಿದ್ರೆ ಗುರಿ ಮುಟ್ಟಿದ ಹಾಗೇ. ಆದ್ರೆ ಇವತ್ತಿನ ಗುರಿನೇ 'ಒಂದು ಪ್ಯಾರಾ ಬರೆಯೋದು' ಆಗಿದ್ರೆ ಬರವಣಿಗೆನ ತೆಗೆಯೋ ಹಾಗಿಲ್ಲ, ಆಗ ಅದನ್ನ ಸಣ್ಣ ಸಣ್ಣ ತುಂಡು ಮಾಡ್ಬೇಕು, ಮೊದಲು ಬಾಯಲ್ಲಿ ಹೇಳ್ಸಿ, ಆಮೇಲೆ ಮುಖ್ಯ ಪದಗಳನ್ನ ಬರ್ಸಿ, ಆಮೇಲೆ ಒಂದೊಂದೇ ವಾಕ್ಯ. ನನ್ನ ಪ್ರಕಾರ ಇದೊಂದು ಅಭ್ಯಾಸ ಬಂದ್ರೆ ಉಳಿದಿದ್ದು ಅರ್ಧ ಸುಲಭ ಆಗುತ್ತೆ.

ಮೊದಲು ಗಮನಿಸಿ, ಹಣೆಪಟ್ಟಿ ಆಮೇಲೆ

ಒಂದು ಮಗು ಹಿಂದೆ ಬೀಳ್ತಿದೆ ಅನ್ಸಿದ್ರೆ ಒಂದೆರಡು ವಾರ ಸುಮ್ನೆ ನೋಡಿ ನೋಟ್ ಮಾಡ್ಕೊಳ್ಳಿ. ಯಾವ ಪಿರಿಯಡ್, ಯಾವ ಕೆಲಸ, ಅದಕ್ಕೆ ಸ್ವಲ್ಪ ಮುಂಚೆ ಏನಾಯ್ತು, ಮಗು ಏನು ಮಾಡ್ತು, ಆಮೇಲೆ ಏನಾಯ್ತು. 'ಗಮನ ಕೊಡಲ್ಲ' ಅಂತ ಬರೆದ್ರೆ ಏನೂ ಉಪಯೋಗ ಇಲ್ಲ. 'ಬೋರ್ಡಿಂದ ಕಾಪಿ ಮಾಡೋಕೆ ಹೇಳಿದಾಗ ಎರಡು ಸಾಲು ಬರೆದು ಪೆನ್ಸಿಲ್ ಕೆಳಗಿಟ್ಟ, ಕಥೆ ಹೇಳೋವಾಗ ಪೂರ್ತಿ ಕೇಳಿಸ್ಕೊಂಡ' ಅಂತ ಬರೆದ್ರೆ ನೋಡಿ, ತೊಂದ್ರೆ ಗಮನದ್ದಲ್ಲ, ಬರೆಯೋದ್ರಲ್ಲೋ ಬೋರ್ಡ್ ಕಾಣೋದ್ರಲ್ಲೋ ಇದೆ ಅಂತ ಸುಳಿವು ಸಿಕ್ತು. ಹಾಗಾಗಿ ಬೇರೆ ಏನೇ ಅನುಮಾನ ಪಡೋಕೂ ಮುಂಚೆ ಕಣ್ಣು ಮತ್ತು ಕಿವಿ ಟೆಸ್ಟ್ ಆಗಿದ್ಯಾ ಅಂತ ಮನೆಯವರನ್ನ ಕೇಳಿ. ಕನ್ನಡಕ ಬೇಕಾಗಿರೋ ಮಗುನ ಸೋಮಾರಿ ಅಂತ ವರ್ಷಗಟ್ಟಲೆ ಬೈದು ಕೂರಿಸೋದು ಇನ್ನೂ ನಡೀತಾ ಇದೆ, ಅದು ನಿಲ್ಬೇಕು.

ಡಿಸ್ಲೆಕ್ಸಿಯಾ (ಓದು ಬರಹ ಕಲಿಯೋದ್ರಲ್ಲಿ ಕಷ್ಟ), ಎಡಿಎಚ್‌ಡಿ (ಗಮನ ನಿಲ್ಸೋಕೆ, ಸುಮ್ನೆ ಕೂರೋಕೆ ಕಷ್ಟ), ಆಟಿಸಂ (ಬೇರೆಯವರ ಜೊತೆ ಬೆರೆಯೋದ್ರಲ್ಲಿ, ಬದಲಾವಣೆಗೆ ಹೊಂದ್ಕೊಳ್ಳೋದ್ರಲ್ಲಿ ಕಷ್ಟ) ಇದೆ ಅಂತ ಹೇಳೋದು ಟೀಚರ್ ಕೆಲಸ ಅಲ್ಲ, ಅದಕ್ಕೆ ಪರಿಣಿತರು ಇದ್ದಾರೆ. ರಿಪೋರ್ಟ್ ಬಂದ್ಮೇಲೂ ಅದೊಂದೇ ಸಾಕಾಗಲ್ಲ, ಯಾಕಂದ್ರೆ ಒಂದೇ ಹೆಸರಿನ ರಿಪೋರ್ಟ್ ಇರೋ ಇಬ್ಬರು ಮಕ್ಕಳಿಗೆ ಕ್ಲಾಸಲ್ಲಿ ಬೇಕಾಗೋದು ಪೂರ್ತಿ ಬೇರೆ ಬೇರೆ ಇರ್ಬೋದು, ಒಬ್ಬರಿಗೆ ಎರಡು ತೊಂದ್ರೆ ಒಟ್ಟಿಗೆ ಇರೋದೂ ತುಂಬಾ ಸಾಮಾನ್ಯ. ಮಗು ಎಲ್ಲಿ ಸಿಕ್ಕಾಕೊಳ್ತಿದೆ ಅನ್ನೋದು ಮುಖ್ಯ: ಹೇಳಿದ್ದು ಕೇಳಿಸ್ಲಿಲ್ವಾ, ಕೇಳಿಸಿದ್ದು ತಲೇಲಿ ನಿಲ್ಲಲಿಲ್ವಾ, ಓದೋಕಾಗ್ಲಿಲ್ವಾ, ಬರೆಯೋಕಾಗ್ಲಿಲ್ವಾ, ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗ್ಲಿಲ್ವಾ. ಉತ್ತರ ಒಂದೊಂದಕ್ಕೂ ಬೇರೆ.

ಇನ್ನೊಂದು ಮಾತು. ಈ ಮಗು 'ನೋಡಿ ಕಲಿಯೋದು', ಆ ಮಗು 'ಕೇಳಿ ಕಲಿಯೋದು' ಅಂತ ಮಕ್ಕಳನ್ನ ವಿಂಗಡಿಸೋ ಪದ್ಧತಿ ತುಂಬಾ ಕಡೆ ಟ್ರೈನಿಂಗಲ್ಲೂ ಹೇಳ್ಕೊಡ್ತಾರೆ. 2008ರಲ್ಲಿ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತವರ ಜೊತೆಗಾರರು ಈ ಬಗ್ಗೆ ಇದ್ದ ಸಂಶೋಧನೆಗಳನ್ನೆಲ್ಲ ಜಾಲಾಡಿದಾಗ, ಹಾಗೆ ವಿಂಗಡಿಸಿ ಕಲಿಸಿದ್ರೆ ಚೆನ್ನಾಗಿ ಕಲೀತಾರೆ ಅನ್ನೋಕೆ ಸಾಕಷ್ಟು ಆಧಾರ ಸಿಗಲಿಲ್ಲ. ಅದರ ಬದಲು ಎಲ್ಲರಿಗೂ ತೋರಿಸಿ, ಎಲ್ಲರಿಗೂ ಹೇಳಿ, ಎಲ್ಲರ ಕೈಲೂ ಮಾಡ್ಸಿ.

ಸೂಚನೆ ಕೊಡೋ ರೀತಿ ಬದಲಾಯಿಸಿ

ಖರ್ಚಿಲ್ಲದೆ ನಾಳೆಯಿಂದನೇ ಶುರು ಮಾಡ್ಬಹುದಾದ ಕೆಲಸ ಇದು, ಜಾಸ್ತಿ ಫಲ ಕೊಡೋದೂ ಇದೇ ಅಂತ ನನ್ನ ಅನಿಸಿಕೆ. 'ಎಲ್ರೂ ಪುಸ್ತಕ ತೆಗೀರಿ, 34ನೇ ಪುಟ, ಎರಡನೇ ಪ್ಯಾರಾ ಓದಿ, ಕಷ್ಟದ ಪದಕ್ಕೆ ಗೆರೆ ಎಳೀರಿ, ಆಮೇಲೆ ಕೆಳಗಿನ ಮೂರು ಪ್ರಶ್ನೆಗೆ ಉತ್ತರ ಬರೀರಿ' ಅಂತ ಒಂದೇ ಉಸಿರಲ್ಲಿ ಹೇಳಿಬಿಡ್ತೀವಿ. ದೊಡ್ಡವರಿಗೇ ಒಂದು ಸಲಕ್ಕೆ ಮನಸ್ಸಲ್ಲಿ ಹಿಡ್ಕೊಳ್ಳೋಕಾಗೋದು ಸುಮಾರು 4 ವಿಷಯ ಅಂತ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಬರೆದಿದ್ರು, ಮಕ್ಕಳಿಗೆ ಅದಕ್ಕಿಂತ ಕಮ್ಮಿ. ನೆನಪಲ್ಲಿ ಹಿಡಿದಿಡೋ ಶಕ್ತಿ ಇನ್ನೂ ಕಮ್ಮಿ ಇರೋ ಮಗುಗೆ ಪುಟದ ನಂಬರ್ ಸಿಗೋಷ್ಟರಲ್ಲಿ ಉಳಿದಿದ್ದೆಲ್ಲ ಹೋಗಿರುತ್ತೆ, ಪಕ್ಕದವರನ್ನ ಕೇಳುತ್ತೆ, ಮಾತಾಡ್ತಿದ್ದೀಯ ಅಂತ ಬೈಸ್ಕೊಳ್ಳುತ್ತೆ.

ಹೀಗೆ ಮಾಡಿ. ಒಂದು ಸಲಕ್ಕೆ ಒಂದೇ ಸೂಚನೆ, ಎಲ್ಲರೂ ಮುಗಿಸಿದ್ಮೇಲೆ ಮುಂದಿನದು. ಜೊತೆಗೆ ಬೋರ್ಡಲ್ಲಿ 1, 2, 3 ಅಂತ ನಂಬರ್ ಹಾಕಿ ಚಿಕ್ಕದಾಗಿ ಬರೀರಿ, ಓದೋಕೆ ಕಷ್ಟ ಇರೋರಿಗೆ ಪಕ್ಕದಲ್ಲೇ ಪುಸ್ತಕ, ಪೆನ್ಸಿಲ್ ಅಂತ ಸಣ್ಣ ಚಿತ್ರ ಹಾಕಿ, ಕೆಲಸ ಪೂರ್ತಿ ಮುಗಿಯೋವರೆಗೂ ಅಳಿಸ್ಬೇಡಿ. 'ಅರ್ಥ ಆಯ್ತಾ' ಅಂತ ಕೇಳೋದನ್ನ ಬಿಟ್ಬಿಡಿ, ಎಲ್ರೂ ಹೂಂ ಅಂತಾರೆ. 'ಮೊದಲು ಏನು ಮಾಡ್ತೀಯ ಹೇಳು' ಅಂತ ಕೇಳಿ. ಹಾಗೇ ಮೊದಲನೇ ಲೆಕ್ಕನೋ ಮೊದಲನೇ ಸಾಲನ್ನೋ ಎಲ್ಲರ ಜೊತೆ ಸೇರಿ ಬೋರ್ಡಲ್ಲಿ ಮಾಡಿ ತೋರಿಸಿ, ಶುರು ಮಾಡೋದೇ ಕಷ್ಟ ಆಗೋ ಮಕ್ಕಳಿಗೆ ಆ ಒಂದು ತಳ್ಳು ಬೇಕಾಗಿರುತ್ತೆ.

ಪ್ರಶ್ನೆ ಕೇಳಿದ್ಮೇಲೆ ಕಾಯೋದು ಇನ್ನೊಂದು. ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸ್‌ರೂಂ ಮಾತುಕತೆಗಳನ್ನ ರೆಕಾರ್ಡ್ ಮಾಡಿ ಅಳೆದಾಗ ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯ್ತಿದ್ರು ಅಂತ ಗೊತ್ತಾಯ್ತು, ಅದನ್ನ 3 ಸೆಕೆಂಡ್ ಅಥವಾ ಜಾಸ್ತಿ ಮಾಡಿದಾಗ ಉತ್ತರ ಉದ್ದ ಆಯ್ತು, 'ಗೊತ್ತಿಲ್ಲ' ಅನ್ನೋದು ಕಮ್ಮಿ ಆಯ್ತು. ಹೆಸರು ಕರೆಯೋ ಮುಂಚೆ ಮನಸ್ಸಲ್ಲೇ ಎಣಿಸ್ಕೊಳ್ಳಿ. ಮೊದಮೊದಲು ಆ ಮೌನ ತುಂಬಾ ಉದ್ದ ಅನ್ಸುತ್ತೆ, ಪರವಾಗಿಲ್ಲ. ಕೆಲವು ಮಕ್ಕಳಿಗೆ 3 ಸೆಕೆಂಡೂ ಸಾಲಲ್ಲ, ಅವರಿಗೆ 'ಇನ್ನು ಸ್ವಲ್ಪ ಹೊತ್ತಾದ್ಮೇಲೆ ಈ ಪ್ರಶ್ನೆ ನಿನ್ನ ಕೇಳ್ತೀನಿ, ಯೋಚ್ನೆ ಮಾಡ್ತಿರು' ಅಂತ ಮೊದಲೇ ಹೋಗಿ ಹೇಳಿ. ಇಲ್ಲಾಂದ್ರೆ ಒಬ್ಬರೇ ಯೋಚಿಸಿ, ಪಕ್ಕದವರ ಜೊತೆ ಮಾತಾಡಿ, ಆಮೇಲೆ ಕ್ಲಾಸಿಗೆ ಹೇಳೋ ಪದ್ಧತಿ ಇದೆಯಲ್ಲ, ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ಪರಿಚಯಿಸಿದ್ದು, ಅದು ಮಾಡಿ. ನಾಚ್ಕೊಳ್ಳೋ ಮಕ್ಕಳಿಗೆ, ಭಾಷೆ ಹೊಸದಾಗಿರೋ ಮಕ್ಕಳಿಗೆ, ನಿಧಾನವಾಗಿ ಯೋಚಿಸೋರಿಗೆ ಎಲ್ಲರಿಗೂ ಒಂದೇ ಸಲಕ್ಕೆ ಅನುಕೂಲ.

ಓದು, ಬರಹ, ಲೆಕ್ಕ

ಓದೋಕೆ ಕಷ್ಟಪಡೋ ಮಗುನ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ, ಮುಂಚೆ ನೋಡಿರದ ಪಾಠ ಜೋರಾಗಿ ಓದ್ಸೋದು ದಯವಿಟ್ಟು ನಿಲ್ಸಿ. ಅದರಿಂದ ಓದು ಬರಲ್ಲ, ಭಯ ಬರುತ್ತೆ. ಓದ್ಸಲೇಬೇಕಾದ್ರೆ ಹಿಂದಿನ ದಿನನೇ ಎರಡು ಸಾಲು ಕೊಟ್ಟು ಅಭ್ಯಾಸ ಮಾಡ್ಕೊಂಡು ಬಾ ಅನ್ನಿ. ಡಿಸ್ಲೆಕ್ಸಿಯಾ ಕಣ್ಣಿನ ದೋಷ ಅಲ್ಲ, ಬುದ್ಧಿ ಕಮ್ಮಿ ಅನ್ನೋದಂತೂ ಅಲ್ವೇ ಅಲ್ಲ, ಮುಖ್ಯವಾಗಿ ಮಾತಿನ ಧ್ವನಿಗಳನ್ನ ಬಿಡಿಸಿ ಅಕ್ಷರಕ್ಕೆ ಹೊಂದಿಸೋದ್ರಲ್ಲಿ ಬರೋ ಕಷ್ಟ. ಅದಕ್ಕೇ ಧ್ವನಿ ಮತ್ತು ಅಕ್ಷರದ ಸಂಬಂಧನ ಕ್ರಮವಾಗಿ, ಬಿಡಿಸಿ ಬಿಡಿಸಿ, ಮತ್ತೆ ಮತ್ತೆ ಕಲಿಸ್ಬೇಕು. ಕನ್ನಡದಲ್ಲಿ ಹ್ರಸ್ವ ದೀರ್ಘ, ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಇಲ್ಲೇ ಎಡವೋದು ಜಾಸ್ತಿ, ಎಲ್ಲಾ ಕಾಗುಣಿತ ಒಂದೇ ಸಲ ಹೇರದೆ ಒಂದು ಗುಣಿತ ಚಿಹ್ನೆ ಗಟ್ಟಿಯಾದ್ಮೇಲೆ ಮುಂದಿನದಕ್ಕೆ ಹೋಗಿ, ಒತ್ತಕ್ಷರದ ಪದನ ಬಾಯಲ್ಲಿ ಬಿಡಿಸಿ ಹೇಳ್ಸಿ, ಆಮೇಲೆ ಬರ್ಸಿ.

ವಿಜ್ಞಾನ, ಸಮಾಜದ ಪಾಠದಲ್ಲಿ ಗುರಿ ವಿಷಯ ತಿಳಿಯೋದು ತಾನೆ, ಅಲ್ಲಿ ಪಾಠನ ಓದಿ ಹೇಳಿ ಇಲ್ಲಾ ರೆಕಾರ್ಡ್ ಮಾಡಿ ಕೇಳ್ಸಿ, ತಪ್ಪೇನಿಲ್ಲ. ವರ್ಕ್‌ಶೀಟ್ ಮಾಡೋವಾಗ ಅಕ್ಷರ 12ರಿಂದ 14 ಸೈಜ್ ಇರ್ಲಿ, ಸಾಲುಗಳ ಮಧ್ಯೆ ಜಾಗ ಬಿಡಿ, ಒಂದು ಪುಟದಲ್ಲಿ ಕಮ್ಮಿ ಪ್ರಶ್ನೆ ಹಾಕಿ. ಬೋರ್ಡಿಂದ ಉದ್ದುದ್ದ ನೋಟ್ಸ್ ಕಾಪಿ ಮಾಡ್ಸೋದ್ರ ಬಗ್ಗೆ ಒಂದ್ಸಲ ಕೂತು ಯೋಚ್ನೆ ಮಾಡಿ, ಮೇಲೆ ನೋಡು, ನೆನಪಿಟ್ಕೋ, ಕೆಳಗೆ ನೋಡು, ಜಾಗ ಹುಡ್ಕು, ಬರಿ, ಮತ್ತೆ ಮೇಲೆ ನೋಡಿ ಎಲ್ಲಿದ್ದೆ ಅಂತ ಹುಡ್ಕು, ಇಷ್ಟು ಕೆಲಸದಲ್ಲಿ ಪಾಠದ ಬಗ್ಗೆ ಯೋಚಿಸೋಕೆ ಎಲ್ಲಿ ಜಾಗ ಉಳಿಯುತ್ತೆ. ಅರ್ಧ ತುಂಬಿರೋ ನೋಟ್ಸ್ ಕೊಟ್ಟು ಮುಖ್ಯ ಪದಗಳನ್ನ ಮಾತ್ರ ತುಂಬ್ಸಿ. ಇತಿಹಾಸದ ಉತ್ತರಕ್ಕೆ ಮಾರ್ಕ್ಸ್ ಕೊಡೋವಾಗ ಕಾಗುಣಿತದ ತಪ್ಪಿಗೆ ಕಟ್ ಮಾಡ್ಬೇಡಿ, ತಿದ್ದಬೇಕು ಅನ್ಸಿದ್ರೆ ಒಂದೆರಡು ಪದ ಮಾತ್ರ ತಿದ್ದಿ. ಪುಟ ಪೂರ್ತಿ ಕೆಂಪು ಮಾಡಿ ವಾಪಸ್ ಕೊಟ್ರೆ ಮಗು ಅದನ್ನ ತೆರೆದೂ ನೋಡಲ್ಲ.

ಲೆಕ್ಕದಲ್ಲಿ ವಸ್ತು, ಚಿತ್ರ, ಅಂಕಿ ಈ ಕ್ರಮ ಬಿಡ್ಬೇಡಿ, ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ವಿಚಾರದಿಂದ ಬೆಳೆದಿದ್ದು ಇದು. ಭಿನ್ನರಾಶಿ ಅಂದ್ರೆ ಮೊದಲು ಕಾಗದ ಮಡಚಿ ನಾಲ್ಕು ಭಾಗ ಮಾಡ್ಲಿ, ಆಮೇಲೆ ಅದರ ಚಿತ್ರ ಬರೀಲಿ, ಕೊನೆಗೆ ¼ ಅಂತ ಬರೀಲಿ. ನಾವು ಸಾಮಾನ್ಯವಾಗಿ ಟೈಮ್ ಇಲ್ಲ ಅಂತ ಮೂರನೇದಕ್ಕೇ ಹಾರಿಬಿಡ್ತೀವಿ, ದೊಡ್ಡ ಕ್ಲಾಸಲ್ಲಿ ಅಂತೂ ವಸ್ತು ಕೊಡೋದು ಚಿಕ್ಕ ಮಕ್ಕಳ ಕೆಲಸ ಅಂದ್ಕೊಳ್ತೀವಿ, ಹಾಗೇನಿಲ್ಲ, ಬೀಜಗಣಿತಕ್ಕೂ ಇದು ಕೆಲಸ ಮಾಡುತ್ತೆ. ಅಂಕಿಗಳು ಆಚೆ ಈಚೆ ಆಗಿ ಲೆಕ್ಕ ತಪ್ಪಾಗ್ತಿದ್ರೆ ಚೌಕದ ಗೆರೆ ಇರೋ ಹಾಳೆ ಕೊಡಿ. ಉದ್ದ ಭಾಗಾಕಾರದ ಹಂತ ಕಲಿಯೋದು ಗುರಿಯಾಗಿದ್ರೆ ಮಗ್ಗಿ ಚಾರ್ಟ್ ಟೇಬಲ್ ಮೇಲೆ ಇರ್ಲಿ, ಮಗ್ಗಿ ಗಟ್ಟಿ ಮಾಡೋ ಅಭ್ಯಾಸನ ದಿನಾ ಸ್ವಲ್ಪ ಹೊತ್ತು ಬೇರೆಯಾಗಿ ಮಾಡ್ಸಿ. ಪೂರ್ತಿ ಬಿಡಿಸಿರೋ ಲೆಕ್ಕ ಒಂದು, ಅರ್ಧ ಬಿಡಿಸಿರೋದು ಒಂದು, ಆಮೇಲೆ ಸ್ವಂತ ಒಂದು, ಈ ಸರಣಿ ಕಷ್ಟಪಡೋರಿಗೆ ತುಂಬಾ ಆಸರೆ.

ಕೂರೋಕಾಗದ ಮಗು, ಬದಲಾವಣೆ ಸಹಿಸದ ಮಗು

ಎಡಿಎಚ್‌ಡಿ ಇರೋ ಮಗುಗೆ 40 ನಿಮಿಷ ಅಲುಗಾಡದೆ ಕೂತ್ಕೋ ಅನ್ನೋದು ಆಗದ ಮಾತು. ಪಿರಿಯಡ್‌ನ ಮೂರು ನಾಲ್ಕು ಭಾಗ ಮಾಡಿ, ಕೇಳೋದು, ಮಾಡೋದು, ಮಾತಾಡೋದು ಹೀಗೆ ಬದಲಾಗ್ತಾ ಇರ್ಲಿ. ಪುಸ್ತಕ ಹಂಚೋದು, ಬೋರ್ಡ್ ಒರೆಸೋದು ಇಂಥ ಎದ್ದು ಓಡಾಡೋ ಕೆಲಸ ಆ ಮಗುಗೇ ಕೊಡಿ, ಬೇಕಿದ್ರೆ ಹಿಂದೆ ನಿಂತ್ಕೊಂಡು ಬರೀಲಿ. ಸೀಟ್ ವಿಷಯ ಬಂದ್ರೆ ಮುಂದಿನ ಬೆಂಚೇ ಬೇಕು ಅಂತಿಲ್ಲ, ಬಾಗಿಲು ಕಿಟಕಿಯಿಂದ ದೂರ, ನಿಮ್ಮ ಕೈಗೆ ಸಿಗೋ ಜಾಗ ಆದ್ರೆ ಸಾಕು. ಒಳ್ಳೇದು ಮಾಡಿದ್ದನ್ನ ಆ ಕ್ಷಣಕ್ಕೇ ಹೇಳಿ, ಏನು ಮಾಡಿದ್ದು ಅಂತನೂ ಹೇಳಿ, 'ಕೈ ಎತ್ತಿ ಕಾದೆ, ಚೆನ್ನಾಗಿತ್ತು' ಅಂತ. ವಾರದ ಕೊನೆಗೆ ಕೊಡೋ ಸ್ಟಾರ್ ಇವರಿಗೆ ತುಂಬಾ ದೂರ. ಶಿಕ್ಷೆ ಅಂತ ಆಟದ ಪಿರಿಯಡ್ ಮಾತ್ರ ಕಿತ್ಕೊಳ್ಬೇಡಿ, ಓಡಾಟ ಜಾಸ್ತಿ ಬೇಕಾಗಿರೋ ಮಗುವಿಂದ ಅದನ್ನೇ ತೆಗೆದ್ರೆ ಮಧ್ಯಾಹ್ನ ಇನ್ನೂ ಕಷ್ಟ ಆಗುತ್ತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2013ರಲ್ಲಿ, ಶಿಕ್ಷೆಗಾಗ್ಲಿ ಓದಿಗಾಗ್ಲಿ ಬಿಡುವಿನ ವೇಳೆ ಕಿತ್ಕೊಳ್ಳಬಾರದು ಅಂತ ಹೇಳಿದೆ.

ಆಟಿಸಂ ಇರೋ ಎಷ್ಟೋ ಮಕ್ಕಳಿಗೆ ಮುಂದೆ ಏನು ಅಂತ ಗೊತ್ತಿಲ್ದೆ ಇರೋದೇ ದೊಡ್ಡ ಸಂಕಟ. ದಿನದ ವೇಳಾಪಟ್ಟಿನ ಚಿತ್ರಗಳಲ್ಲಿ ಗೋಡೆಗೋ ಟೇಬಲ್ಲಿಗೋ ಅಂಟ್ಸಿ, ಮುಗಿದಿದ್ದನ್ನ ಮಗುನೇ ತೆಗೀಲಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗೋ 5 ನಿಮಿಷ ಮುಂಚೆ ಹೇಳಿ, ಟೀಚರ್ ರಜಾ ಇದ್ರೆ, ರೂಂ ಬದಲಾದ್ರೆ ಆದಷ್ಟು ಬೇಗ ಹೇಳಿ. ಮಾತು ನೇರ ಇರ್ಲಿ, 'ಬಾಯಿಗೆ ಬೀಗ ಹಾಕ್ಕೊಳ್ಳಿ' ಅಂದ್ರೆ ಕೆಲವರಿಗೆ ಗೊಂದಲ ಆಗುತ್ತೆ, 'ಈಗ ಮಾತಾಡ್ಬೇಡಿ' ಅಂದ್ರೆ ಆಯ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯ ಬೇಡ, ಬೇರೆ ಕಡೆ ನೋಡ್ತಾನೇ ಚೆನ್ನಾಗಿ ಕೇಳಿಸ್ಕೊಳ್ಳೋ ಮಕ್ಕಳು ತುಂಬಾ ಇದ್ದಾರೆ. ಕೈ ಬೀಸೋದು, ತೂಗಾಡೋದು ಯಾರಿಗೂ ಪೆಟ್ಟಾಗದ ಹಾಗಿದ್ರೆ ತಡೀಬೇಡಿ, ಅದು ಅವರು ತಮ್ಮನ್ನ ಸಮಾಧಾನ ಮಾಡ್ಕೊಳ್ಳೋ ರೀತಿ. ಗಲಾಟೆ, ಮಿಣಮಿಣ ಅನ್ನೋ ಲೈಟ್, ಗಂಟೆ ಸದ್ದು ಇವು ನಮಗೆ ಗಮನಕ್ಕೇ ಬರದೆ ಇದ್ರೂ ಅವರಿಗೆ ನೋವಾಗೋಷ್ಟು ಇರ್ಬೋದು. ಒಂದು ಶಾಂತವಾದ ಮೂಲೆ ಇಡಿ, ಮಗು ತಾನಾಗೇ ಹೋಗಿ ಬರೋ ಹಾಗಿರ್ಲಿ, ಅದನ್ನ ಯಾವತ್ತೂ ಶಿಕ್ಷೆಯ ಜಾಗ ಮಾಡ್ಬೇಡಿ.

ಕೇಳಿಸದ, ಕಾಣದ, ಭಾಷೆ ಹೊಸದಾದ ಮಕ್ಕಳು

ಬೋರ್ಡ್ ಕಡೆ ತಿರುಗಿ ಬರೀತಾ ಮಾತಾಡೋದು ನಮ್ಮೆಲ್ಲರ ಅಭ್ಯಾಸ, ಕಿವಿ ಮಂದ ಇರೋ ಮಗುಗೆ ಆ ಹೊತ್ತಲ್ಲಿ ಪಾಠನೇ ಇಲ್ಲ. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತಾಡಿ. ಕಿಟಕಿಗೆ ಬೆನ್ನು ಹಾಕಿ ನಿಂತ್ರೆ ಮುಖ ಕತ್ತಲಾಗುತ್ತೆ, ತುಟಿ ಕಾಣಲ್ಲ. ಹಿಂದಿನ ಬೆಂಚಿನವರು ಹೇಳಿದ ಉತ್ತರನ ನೀವು ಒಂದ್ಸಲ ಮತ್ತೆ ಹೇಳಿ. ಹಿಯರಿಂಗ್ ಏಡ್ ಹಾಕಿದ್ಮೇಲೆ ಎಲ್ಲಾ ಸರಿಯಾಯ್ತು ಅನ್ನೋ ಹಾಗಿಲ್ಲ, ಅದು ಗಲಾಟೆನೂ ಜೋರು ಮಾಡುತ್ತೆ, ದೂರದ ಮಾತು ಸರಿಯಾಗಿ ಹಿಡಿಯಲ್ಲ. ವಿಡಿಯೋ ತೋರಿಸಿದ್ರೆ ಕ್ಯಾಪ್ಷನ್ ಆನ್ ಮಾಡಿ.

ದೃಷ್ಟಿ ಕಮ್ಮಿ ಇರೋರಿಗೆ ಬೋರ್ಡಲ್ಲಿ ಬರೆದಿದ್ದನ್ನೆಲ್ಲ ಬಾಯಲ್ಲೂ ಹೇಳಿ. 'ಇದನ್ನ ಅದರಿಂದ ಕಳೆದ್ರೆ' ಅನ್ಬೇಡಿ, '12ನ್ನ 30ರಿಂದ ಕಳೆದ್ರೆ' ಅನ್ನಿ. ನಕ್ಷೆ, ಗ್ರಾಫಲ್ಲಿ ಬಣ್ಣ ಒಂದನ್ನೇ ನಂಬ್ಕೋಬೇಡಿ, ಕೆಂಪು ಹಸಿರು ಗುರುತಿಸೋಕಾಗದೆ ಇರೋದು ಹುಡುಗರಲ್ಲಿ ಜಾಸ್ತಿ, ಆ ಮಗುಗೇ ಅದು ಗೊತ್ತಿರಲ್ಲ ಎಷ್ಟೋ ಸಲ, ಹಾಗಾಗಿ ಗೆರೆ, ಚುಕ್ಕಿ, ಹೆಸರು ಕೂಡ ಇರ್ಲಿ.

ಮನೆಭಾಷೆ ಬೇರೆ ಇರೋ ಮಗು ತಿಂಗಳುಗಟ್ಟಲೆ ಮಾತಾಡದೆ ಬರೀ ಕೇಳಿಸ್ಕೊಳ್ತಾ ಇರ್ಬೋದು, ಅದು ದಡ್ಡತನ ಅಲ್ಲ. ಪಾಠದ ಐದಾರು ಮುಖ್ಯ ಪದಗಳನ್ನ ಚಿತ್ರದ ಜೊತೆ ಮೊದಲೇ ಕಲ್ಸಿ, ಮನೆಭಾಷೇಲಿ ಯೋಚಿಸಿ ಬರೆಯೋಕೂ ಬಿಡಿ.

ಬೇಗ ಮುಗಿಸೋ ಮಕ್ಕಳಿಗೆ ಇನ್ನೂ ಹತ್ತು ಅದೇ ಥರದ ಲೆಕ್ಕ ಕೊಡ್ಬೇಡಿ, ಬೇಗ ಮುಗಿಸಿದ್ದಕ್ಕೆ ಶಿಕ್ಷೆ ಆಗುತ್ತೆ ಅದು. 'ಇದನ್ನ ಬೇರೆ ರೀತೀಲಿ ಬಿಡಿಸು', 'ಇದರಲ್ಲಿ ತಪ್ಪು ಎಲ್ಲಿ ಆಗ್ಬಹುದು ಹೇಳು' ಅಂತ ಆಳಕ್ಕೆ ಕರ್ಕೊಂಡು ಹೋಗಿ.

ಬೇರೆಯವರಿಗೆ ಅನ್ಯಾಯ ಆಗಲ್ವಾ ಅನ್ನೋ ಪ್ರಶ್ನೆ

ಈ ಮಗುಗೆ ಎಕ್ಸ್ಟ್ರಾ ಟೈಮ್, ಆ ಮಗುಗೆ ಬಾಯಲ್ಲಿ ಉತ್ತರ, ನಮ್ಮ ಮಗುಗೆ ಯಾಕಿಲ್ಲ ಅಂತ ಪೋಷಕರು ಕೇಳೇ ಕೇಳ್ತಾರೆ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶಿಕ್ಷಣದಲ್ಲಿ ಇಂಥ ಸೂಕ್ತ ಹೊಂದಾಣಿಕೆ ಮಾಡ್ಲೇಬೇಕು ಅನ್ನುತ್ತೆ, ಅಂದ್ರೆ ಇದು ಹಕ್ಕು, ನಾವು ಕನಿಕರದಿಂದ ಕೊಡೋದಲ್ಲ. ಆದ್ರೆ ಎರಡನ್ನ ಬೇರೆ ಮಾಡಿ ಹೇಳ್ಬೇಕು. ಪ್ರಶ್ನೆ ಅದೇ ಇಟ್ಟು ಟೈಮ್ ಜಾಸ್ತಿ ಕೊಟ್ಟಿದ್ದು, ದೊಡ್ಡ ಅಕ್ಷರದಲ್ಲಿ ಕೊಟ್ಟಿದ್ದು ದಾರಿ ಬದಲಾಯಿಸಿದ್ದು. ಉಳಿದವರು ಐದನೇ ಕ್ಲಾಸಿನ ಪಾಠ ಓದೋವಾಗ ಒಂದು ಮಗುಗೆ ಎರಡನೇ ಕ್ಲಾಸಿನದ್ದು ಕೊಟ್ರೆ ಅದು ಗುರಿನೇ ಬದಲಾಯಿಸಿದ್ದು, ಕೆಲವರಿಗೆ ಅದು ಬೇಕಾಗುತ್ತೆ, ಆದ್ರೆ ಮನೆಯವರಿಗೆ ಸ್ಪಷ್ಟವಾಗಿ ತಿಳಿಸಿ ಅವರ ಜೊತೆ ಕೂತು ತೀರ್ಮಾನ ಮಾಡ್ಬೇಕು.

ಕ್ಲಾಸ್ ಒಳಗೆ ಯಾರಿಗೂ ಅವಮಾನ ಆಗದ ಹಾಗೆ ಮಾಡೋಕೆ ಸುಲಭದ ದಾರಿ ಅಂದ್ರೆ ಆಯ್ಕೆನ ಎಲ್ಲರಿಗೂ ತೆರೆದಿಡೋದು. ಮಗ್ಗಿ ಚಾರ್ಟ್, ಚೌಕದ ಹಾಳೆ, ಪದಪಟ್ಟಿ ಒಂದು ಟೇಬಲ್ ಮೇಲೆ ಇರ್ಲಿ, ಬೇಕಾದವರು ತಗೊಳ್ಲಿ. ಗುಂಪು ಕೆಲಸದಲ್ಲಿ ಯಾವಾಗ್ಲೂ ಒಂದೇ ಮಗು ಸಹಾಯ ಪಡೆಯೋ ಮಗು ಆಗ್ಬಾರ್ದು. ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಶುರು ಮಾಡಿದ ಜಿಗ್ಸಾ ಪದ್ಧತೀಲಿ ಪಾಠದ ಒಂದೊಂದು ತುಂಡು ಒಬ್ಬೊಬ್ಬರ ಹತ್ರ ಇರುತ್ತೆ, ಎಲ್ಲರ ತುಂಡೂ ಸೇರಿದ್ರೇನೇ ಪಾಠ ಪೂರ್ತಿ ಆಗೋದು, ಹಾಗಾಗಿ ಯಾರನ್ನೂ ಪಕ್ಕಕ್ಕೆ ತಳ್ಳೋಕಾಗಲ್ಲ. ಕಷ್ಟಪಡೋ ಮಗುಗೆ ಅದರ ತುಂಡನ್ನ ಹಿಂದಿನ ದಿನ ಕೊಟ್ಟಿರಿ.

ಶುರು ಮಾಡೋವಾಗ ಒಂದು ಮಗು, ಒಂದು ಬದಲಾವಣೆ ಮಾತ್ರ ತಗೊಂಡು ಮೂರು ನಾಲ್ಕು ವಾರ ಮಾಡಿ. ಐದು ಬದಲಾವಣೆ ಒಟ್ಟಿಗೆ ಮಾಡಿದ್ರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ. ಕೆಲಸ ಮಾಡ್ತಿದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಬಿಟ್ಟು ಬೇರೆ ನೋಡಿ, ಮಗು ಅಷ್ಟು ದೊಡ್ಡದಿದ್ರೆ ನಿನಗೆ ಏನು ಅನುಕೂಲ ಆಯ್ತು ಅಂತ ಮಗುನೇ ಕೇಳಿ. ಆಸರೆನ ಹಾಗೇ ಶಾಶ್ವತವಾಗಿ ಬಿಡ್ಬೇಡಿ, ಆರು ಸಾಲಿನ ಸಹಾಯಪಟ್ಟಿ ಇದ್ರೆ ಸ್ವಲ್ಪ ದಿನದ ಮೇಲೆ ನಾಲ್ಕು ಸಾಲು ಮಾಡಿ, ಮಗು ಮುಗ್ಗರಿಸಿದ್ರೆ ವಾಪಸ್ ಆರು. ಕನ್ನಡಕ, ಹಿಯರಿಂಗ್ ಏಡ್, ಬ್ರೈಲ್ ಪುಸ್ತಕ ಇಂಥವು ಮಾತ್ರ ಯಾವತ್ತೂ ಕಮ್ಮಿ ಮಾಡೋ ಆಸರೆ ಅಲ್ಲ.

ಮನೆಯವರ ಜೊತೆ ಮಾತಾಡೋವಾಗ ಮೊದಲು ಮಗು ಏನು ಚೆನ್ನಾಗಿ ಮಾಡುತ್ತೆ ಅಂತ ಹೇಳಿ, ಆಮೇಲೆ ನೀವು ಕಣ್ಣಾರೆ ನೋಡಿದ್ದು, ಕೊನೆಗೆ ಮನೇಲಿ ಹೇಗಿರುತ್ತೆ ಅಂತ ಕೇಳಿ, ಎಷ್ಟೋ ಉಪಾಯ ಅವರ ಹತ್ರನೇ ಇರುತ್ತೆ. ವರ್ಷ ಮುಗಿಯೋವಾಗ ಮುಂದಿನ ಕ್ಲಾಸ್ ಟೀಚರ್‌ಗೆ ಒಂದು ಪುಟ ಬರ್ದು ಕೊಡಿ: ಈ ಮಗುಗೆ ಏನು ಇಷ್ಟ, ಎಲ್ಲಿ ಸಿಕ್ಕಾಕೊಳ್ಳುತ್ತೆ, ಯಾವ ಬದಲಾವಣೆ ಕೆಲಸ ಮಾಡ್ತು, ಯಾವುದು ಮಾಡ್ಲಿಲ್ಲ. ಮನೆಯವರಿಗೂ ಅದರ ಒಂದು ಕಾಪಿ ಕೊಟ್ಟಿರಿ, ಶಾಲೆ ಬದಲಾದ್ರೂ ಆ ಪುಟ ಮಗು ಜೊತೆ ಹೋಗುತ್ತೆ.